ಸ್ಪೀಕರ್‌ಗೆ ಎಷ್ಟು ವ್ಯಾಟ್ ಆಂಪ್ ಬೇಕು?

ಸ್ಪೀಕರ್ ಡಬ್ಬದ ಹಿಂದೆ ದಪ್ಪ ಅಕ್ಷರದಲ್ಲಿ 1200 ವ್ಯಾಟ್ ಅಂತ ಇರುತ್ತದೆ. ಅದನ್ನು ನೋಡಿ ಆಂಪ್ (ಆಂಪ್ಲಿಫೈಯರ್) ತರಲು ಹೊರಡಬೇಡಿ. ಪಕ್ಕದಲ್ಲಿ ಸಣ್ಣದಾಗಿ ‘ಪೀಕ್’, ಅಂದರೆ ಕ್ಷಣಮಾತ್ರ ತಡೆಯುವ ಪವರ್, ಅಂತ ಇದೆಯಾ ನೋಡಿ. ಸಾಮಾನ್ಯವಾಗಿ ಅದೇ ಡಬ್ಬ ಪ್ರೋಗ್ರಾಂ (ಏರಿಳಿತ ಇರುವ ಸಂಗೀತದ) ಲೆಕ್ಕದಲ್ಲಿ 600, ಆರ್‌ಎಂಎಸ್ (ಸತತವಾಗಿ ತಡೆಯುವ ಪವರ್) ಲೆಕ್ಕದಲ್ಲಿ 300 ವ್ಯಾಟ್ ಆಗಿರುತ್ತದೆ. ನಾನು ಲೆಕ್ಕ ಶುರು ಮಾಡುವುದು ಯಾವಾಗಲೂ ಆ 300ರಿಂದ. ಉಳಿದ ಎರಡು ಸಂಖ್ಯೆ ಮಾರುವವರಿಗೆ ಜಾಸ್ತಿ ಉಪಯೋಗ.

ಆಂಪ್‌ನಲ್ಲೂ ಇದೇ ಕಥೆ. ‘4000 ವ್ಯಾಟ್’ ಅಂದರೆ ಎರಡೂ ಚಾನೆಲ್ ಸೇರಿಸಿ, ಅದೂ 2 ಓಮ್‌ನಲ್ಲಿ ಇರಬಹುದು (ಓಮ್ ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ). ನಮಗೆ ಬೇಕಾದದ್ದು ಒಂದೇ ಸಂಖ್ಯೆ: ನಾವು ಹಾಕುವ ಓಮ್‌ನಲ್ಲಿ, ಒಂದು ಚಾನೆಲ್‌ಗೆ ಎಷ್ಟು ವ್ಯಾಟ್?

ಹಾಗಾಗಿ ಓಮ್ ಮೊದಲು. 8 ಓಮ್‌ನ ಎರಡು ಡಬ್ಬ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಹಾಕಿದರೆ 4 ಓಮ್, ನಾಲ್ಕು ಹಾಕಿದರೆ 2 ಓಮ್. ಎಷ್ಟೋ ಆಂಪ್‌ಗಳು 4 ಓಮ್‌ಗಿಂತ ಕೆಳಗೆ ಇಳಿಯಲು ಒಪ್ಪುವುದಿಲ್ಲ. ಒಪ್ಪಿದರೂ 2 ಓಮ್‌ನಲ್ಲಿ ಬಿಸಿಯಾಗುತ್ತವೆ, ಕರೆಂಟ್ ಜಾಸ್ತಿ ಎಳೆಯುತ್ತವೆ. ಒಂದು ಚಾನೆಲ್‌ಗೆ ಎರಡೇ ಡಬ್ಬ ಸಾಕು ಅನ್ನುವವನು ನಾನು. ಬ್ರಿಡ್ಜ್ ಮೋಡ್ ಮಾಡಿದರೆ, ಅಂದರೆ ಎರಡು ಚಾನೆಲ್ ಸೇರಿಸಿ ಒಂದೇ ಮಾಡಿದರೆ, ಪ್ರತಿ ಚಾನೆಲ್‌ಗೂ ಹಾಕಿದ ಓಮ್‌ನ ಅರ್ಧ ಮಾತ್ರ ಕಾಣುತ್ತದೆ, ಅದನ್ನು ಮರೆಯಬೇಡಿ.

ಈಗ ಲೆಕ್ಕ. 300 ವ್ಯಾಟ್ ಆರ್‌ಎಂಎಸ್, 8 ಓಮ್‌ನ ಎರಡು ಡಬ್ಬ ಒಂದು ಚಾನೆಲ್‌ನಲ್ಲಿದೆ ಅಂದುಕೊಳ್ಳಿ. ಒಟ್ಟು 600 ವ್ಯಾಟ್, 4 ಓಮ್. ಆಂಪ್ ಆರ್‌ಎಂಎಸ್‌ನ ಒಂದೂವರೆಯಿಂದ ಎರಡು ಪಟ್ಟು ಇರಲಿ, ಅಂದರೆ 4 ಓಮ್‌ನಲ್ಲಿ ಚಾನೆಲ್‌ಗೆ 900ರಿಂದ 1200 ವ್ಯಾಟ್. ಬರೀ ಮಾತು, ಭಾಷಣ ಅಂದರೆ 600 ಇದ್ದರೂ ನಡೆಯುತ್ತದೆ. ಯಾರು ಬೇಕಾದರೂ ಬಂದು ವಾಲ್ಯೂಮ್ ತಿರುಗಿಸುವ ಜಾಗವಾದರೆ ನಾನು ಒಂದೂವರೆ ಪಟ್ಟು ದಾಟುವುದಿಲ್ಲ.

ಜಾಸ್ತಿ ಪವರ್ ಕೊಟ್ಟರೆ ಸ್ಪೀಕರ್ ಸುಡಲ್ವಾ ಅಂತ ಕೇಳುತ್ತೀರಿ. ಮಿತಿ ಮೀರಿ ಬಾರಿಸಿದರೆ ಸುಡುತ್ತದೆ. ಆದರೆ ಸಣ್ಣ ಆಂಪ್ ಹಾಕಿದ್ದೇನೆ, ಭಯ ಇಲ್ಲ ಅನ್ನುವುದೂ ಸುಳ್ಳು. ಸದ್ದು ಸಾಲದೆ ಜನ ಅದನ್ನು ಹಿಂಡುತ್ತಾರೆ. ಆಂಪ್ ಮಿತಿ ಮುಟ್ಟಿತು ಅಂತ ಹೇಳುವ ಕೆಂಪು ಕ್ಲಿಪ್ ಲೈಟ್ ಆರುವುದೇ ಇಲ್ಲ. ಆಗ ಸಂಗೀತದ ಏರಿಳಿತ ಹೋಗಿ ಅಲೆಯ ತಲೆ ಚಪ್ಪಟೆಯಾಗುತ್ತದೆ. ಪೂರ್ತಿ ಚಪ್ಪಟೆಯಾದ ಅಲೆ, ಅದೇ ಎತ್ತರದ ಸೈನ್ ಅಲೆಯ ಎರಡರಷ್ಟು ಪವರ್ ಹೊರುತ್ತದೆ. ಮೊದಲು ಹೋಗುವುದು ಸಾಮಾನ್ಯವಾಗಿ ಟ್ವೀಟರ್ (ಮೇಲಿನ ಸ್ವರದ ಸಣ್ಣ ಸ್ಪೀಕರ್), ಏಕೆಂದರೆ ಅದರ ಕಾಯಿಲ್ ತಂತಿ ಕೂದಲಿನಷ್ಟು ಸಣ್ಣ. ಡಯಾಫ್ರಾಂ ಬಿಚ್ಚಿದರೆ ಕಾಯಿಲ್ ಕಪ್ಪಾಗಿರುತ್ತದೆ, ಸುಟ್ಟ ವಾರ್ನಿಷ್ ವಾಸನೆ ಬರುತ್ತದೆ.

ಆಂಪ್‌ನ ನಾಬ್ ಅರ್ಧಕ್ಕೆ ಇಟ್ಟಿದ್ದೇನೆ, ಅರ್ಧ ಪವರ್ ಅಷ್ಟೇ ಹೋಗುತ್ತದೆ ಅನ್ನುವವರು ಬಹಳ ಜನ. ಹಾಗಲ್ಲ. ಮಿಕ್ಸರ್‌ನಿಂದ ಜೋರಾಗಿ ಸಿಗ್ನಲ್ ಬಂದರೆ ಅರ್ಧಕ್ಕಿದ್ದ ನಾಬ್‌ನಲ್ಲೂ ಆಂಪ್ ಪೂರ್ತಿ ಪವರ್ ಕೊಡುತ್ತದೆ. ನಿಜವಾದ ತಡೆ ಅಂದರೆ ಲಿಮಿಟರ್, ಅಂದರೆ ಇಟ್ಟ ಮಿತಿ ದಾಟಲು ಬಿಡದ ವ್ಯವಸ್ಥೆ. ಆಂಪ್‌ನಲ್ಲಿ ಆರ್‌ಎಂಎಸ್ ಲಿಮಿಟರ್ ಇದ್ದರೆ ವ್ಯಾಟನ್ನು ಓಮ್‌ನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. 300 ಗುಣಿಸು 8 ಅಂದರೆ 2400, ವರ್ಗಮೂಲ ಸುಮಾರು 49. ಲಿಮಿಟರ್ 49 ವೋಲ್ಟ್‌ಗೆ. ಪ್ಯಾರಲಲ್‌ನಲ್ಲಿ ಎರಡು ಡಬ್ಬ ಇದ್ದರೂ ಅದೇ 49. ಇದನ್ನು ಲಾಕ್ ಮಾಡಲು ಆಗುವುದಾದರೆ ಎರಡು ಪಟ್ಟಿನ ಆಂಪ್ ಧೈರ್ಯವಾಗಿ ಹಾಕಿ.

ಸದ್ದು ಸಾಲುತ್ತಿಲ್ಲ ಅಂತ ಸುಮ್ನೆ ವ್ಯಾಟ್ ಏರಿಸುವ ಮೊದಲು ಸ್ಪೀಕರ್‌ನ ಸೆನ್ಸಿಟಿವಿಟಿ ನೋಡಿ, ಅಂದರೆ 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ ಎಷ್ಟು ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಬರುತ್ತದೆ ಅಂತ. ಪವರ್ ಎರಡರಷ್ಟಾದರೆ ಸಿಗುವುದು ಬರೀ 3 ಡಿಬಿ. 97 ಡಿಬಿ ಡಬ್ಬಕ್ಕೆ 200 ವ್ಯಾಟ್ ಕೊಟ್ಟರೆ ಬರುವ ಸದ್ದು, 100 ಡಿಬಿ ಡಬ್ಬಕ್ಕೆ 100 ವ್ಯಾಟ್‌ನಲ್ಲೇ ಬರುತ್ತದೆ.

ಉದ್ದಕ್ಕೆ ಸಣ್ಣ ಸ್ಪೀಕರ್ ಹಾಕುವ 100 ವೋಲ್ಟ್ ಲೈನ್‌ನಲ್ಲಿ ಓಮ್ ತಲೆನೋವಿಲ್ಲ. ಟ್ಯಾಪ್ ವ್ಯಾಟ್‌ಗಳನ್ನು (ಪ್ರತಿ ಸ್ಪೀಕರ್‌ನಲ್ಲಿ ಆರಿಸಿಟ್ಟ ವ್ಯಾಟ್) ಕೂಡಿಸಿ, ಮೇಲೆ ಕಾಲುಭಾಗ ಸೇರಿಸಿ. 10 ವ್ಯಾಟ್‌ನ 20 ಸ್ಪೀಕರ್‌ಗೆ 250 ವ್ಯಾಟ್ ಆಂಪ್.

ವೈರ್ ವಿಷಯದಲ್ಲಿ ಜಿಪುಣತನ ಬೇಡ. 30 ಮೀಟರ್ ದೂರಕ್ಕೆ 1 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದರೆ ಹೋಗಿ ಬರುವ ದಾರಿಗೆ ಸುಮಾರು 1 ಓಮ್. 4 ಓಮ್ ಲೋಡ್‌ನಲ್ಲಿ ಐದನೇ ಒಂದು ಭಾಗ ಪವರ್ ವೈರ್ ಬಿಸಿ ಮಾಡಲೇ ಹೋಯಿತು. 2.5ರ ವೈರ್ ಹಾಕಿದರೆ ನಷ್ಟ ಹತ್ತನೇ ಒಂದು ಭಾಗದೊಳಗೆ ಇರುತ್ತದೆ.

ಎಲ್ಲ ಜೋಡಿಸಿದ ಮೇಲೆ, ವೈರ್ ಅನ್ನು ಆಂಪ್‌ಗೆ ಹಾಕುವ ಮೊದಲು, ಆ ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ಡಬ್ಬ ಮೀಟರ್‌ನಲ್ಲಿ ಸುಮಾರು 6 ತೋರಿಸುತ್ತದೆ. ಹಾಗಾಗಿ ಎರಡು ಡಬ್ಬಕ್ಕೆ ಸುಮಾರು 3, ಜೊತೆಗೆ ವೈರ್‌ನದು ಸ್ವಲ್ಪ. 6 ಬಂದರೆ ಒಂದು ಡಬ್ಬ ಸೇರಿಲ್ಲ, ಕನೆಕ್ಟರ್ ಬಿಚ್ಚಿ ನೋಡಿ. ಒಂದು ಓಮ್‌ಗಿಂತಲೂ ಕಡಿಮೆ ಬಂದರೆ ಎಲ್ಲೋ ಶಾರ್ಟ್ ಇದೆ. ಅದು ಸಿಗುವ ತನಕ ಆ ವೈರ್ ಆಂಪ್‌ಗೆ ಹಾಕಬೇಡಿ.