ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳ ಕಟ್ಟಡಕ್ಕೆ ಪಿಎಂಸಿ (ಯೋಜನಾ ನಿರ್ವಹಣಾ ಸಲಹಾ ಸಂಸ್ಥೆ), ಗುತ್ತಿಗೆದಾರರನ್ನು ಆರಿಸಿದ ಬಗೆ: ನಮ್ಮ ಅನುಭವ

ನಕ್ಷೆಗೆ ಕೈಹಾಕುವ ಮೊದಲೇ ಒಂದು ಹಾಳೆಯಲ್ಲಿ ಕೆಲವು ಸಂಖ್ಯೆಗಳನ್ನು ಬರೆದು, ಯಂತ್ರಗಳನ್ನು ಬಳಸಲಿರುವ ವಿಜ್ಞಾನಿಗಳಿಂದ ಸಹಿ ಹಾಕಿಸಿಕೊಂಡೆವು. ಸೂಕ್ಷ್ಮದರ್ಶಕಗಳ ಕೋಣೆಯಲ್ಲಿ ನೆಲದ ಕಂಪನ ವಿಸಿ-ಇ ಮಟ್ಟ (ಸೂಕ್ಷ್ಮ ಯಂತ್ರಗಳಿಗಾಗಿ ಇರುವ ಕಂಪನದ ದರ್ಜೆಗಳಲ್ಲೊಂದು) ದಾಟಬಾರದು. ಅಂದರೆ ಆವರ್ತನದ ಪ್ರತಿ ಕಿರುಪಟ್ಟಿಯಲ್ಲೂ (ಮೂರನೇ-ಒಂದು ಆಕ್ಟೇವ್) ಕಂಪನದ ವೇಗ ಸೆಕೆಂಡಿಗೆ 3.12 ಮೈಕ್ರೋಮೀಟರ್ ಒಳಗಿರಬೇಕು. ಕ್ಲೀನ್‌ರೂಂ ಐಎಸ್‌ಓ 14644ರ 6ನೇ ದರ್ಜೆ, ಅತಿಸೂಕ್ಷ್ಮ ವಿನ್ಯಾಸ ಮೂಡಿಸುವ ಲಿಥೋಗ್ರಫಿ ಜಾಗ ಮಾತ್ರ 5ನೇ ದರ್ಜೆ (ಸಂಖ್ಯೆ ಇಳಿದಷ್ಟೂ ಗಾಳಿಯಲ್ಲಿ ಧೂಳು ಕಡಿಮೆ). ಕೋಣೆಯ ತಾಪಮಾನ ಗಂಟೆಗೆ 0.1 ಡಿಗ್ರಿಗಿಂತ ಹೆಚ್ಚು ಏರಿಳಿಯಕೂಡದು. ಕಾಂತಕ್ಷೇತ್ರದ ಮಿತಿಯನ್ನು ಯಂತ್ರ ತಯಾರಕರ ಸೈಟ್ ಮ್ಯಾನುಯಲ್‌ನಿಂದಲೇ ಎತ್ತಿಕೊಂಡೆವು. ಸಾಮಾನ್ಯ ಕಚೇರಿಯ ನೆಲಕ್ಕೆ ಒಪ್ಪುವ ಕಂಪನ ಸೆಕೆಂಡಿಗೆ 400 ಮೈಕ್ರೋಮೀಟರ್. ನಮಗೆ ಬೇಕಿದ್ದದ್ದು ಅದರ 128ನೇ ಒಂದು ಪಾಲು. ಈ ಅಂತರ ತಲೆಗೆ ಹೋಗದ ಕಂಪನಿ ಎಷ್ಟು ಕಡಿಮೆ ದರ ಬರೆದರೂ ಅದು ಬೇರೊಂದು ಕಟ್ಟಡದ ದರ.

ಎರಡನೆಯ ಕೆಲಸ ಜಾಗದ ಅಳತೆ. ಯಾರನ್ನೂ ನೇಮಿಸುವ ಮುನ್ನ ಖಾಲಿ ನೆಲದಲ್ಲಿ ಮೂರು ದಿಕ್ಕಿನ ಕಂಪನವನ್ನು 7 ದಿನ ಬಿಡದೆ ದಾಖಲಿಸಿ, ಆ ಕಚ್ಚಾ ದತ್ತಾಂಶವನ್ನೇ ಟೆಂಡರ್ ದಾಖಲೆಗೆ ಲಗತ್ತಿಸಿದೆವು. ಭಾನುವಾರವೂ ಅದರಲ್ಲಿ ಸೇರಿರಬೇಕು. ರಸ್ತೆಯ ಸದ್ದಡಗಿದ ದಿನದ ಅಳತೆಯನ್ನು ವಾರದ ದಿನದ ಪಕ್ಕ ಇಟ್ಟರೆ ನೆಲದ್ದೆಷ್ಟು, ವಾಹನಗಳದ್ದೆಷ್ಟು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ಈ ಅಳತೆ ಇಲ್ಲದೆ ಕರಾರು ಮಾಡಿಕೊಂಡರೆ ಕೊನೆಯಲ್ಲಿ ‘ನಿಮ್ಮ ನೆಲವೇ ಮೊದಲಿನಿಂದ ಅಲುಗುತ್ತಿತ್ತು’ ಎಂಬ ಮಾತಿಗೆ ಉತ್ತರವಿರುವುದಿಲ್ಲ.

ಮೊದಲು ಪಿಎಂಸಿ, ಆಮೇಲೆ ಗುತ್ತಿಗೆದಾರ. ಈ ಕ್ರಮ ತಪ್ಪಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ನಮ್ಮಲ್ಲಿ ಬಹುತೇಕ ಕಡೆ ಆರ್ಕಿಟೆಕ್ಟ್ ನಕ್ಷೆ ಮುಗಿಸಿ, ಟೆಂಡರ್ ಆಗಿ, ಗುತ್ತಿಗೆದಾರ ಬೇಲಿ ಹಾಕಿದ ಮೇಲೆ ಪಿಎಂಸಿ ಬರುತ್ತದೆ. ಅಷ್ಟು ಹೊತ್ತಿಗೆ ಹವಾನಿಯಂತ್ರಣಕ್ಕೆ ನೀರು ತಂಪಾಗಿಸುವ ಚಿಲ್ಲರ್ ಎಲ್ಲಿ ಕೂರಬೇಕು, ಲಿಫ್ಟ್ ಎಲ್ಲಿರಬೇಕು, ಟ್ರಾನ್ಸ್‌ಫಾರ್ಮರ್ ಎಷ್ಟು ದೂರದಲ್ಲಿರಬೇಕು ಎಂಬುದೆಲ್ಲ ಗಟ್ಟಿಯಾಗಿರುತ್ತದೆ. ಕಟ್ಟಡದೊಳಗಿನ ಕಂಪನವನ್ನೂ ಕಾಂತಕ್ಷೇತ್ರವನ್ನೂ ಬಹುಮಟ್ಟಿಗೆ ನಿರ್ಧರಿಸುವುದು ಇಂಥವೇ. ಆದ್ದರಿಂದ ನಕ್ಷೆ ಶೇ. 30ರಷ್ಟು ಆಗಿದ್ದಾಗಲೇ ಪಿಎಂಸಿಯನ್ನು ಕೂರಿಸಿದೆವು.

ಈ ಕ್ರಮವನ್ನು ಇನ್ನೂ ಮುಂದಕ್ಕೆ ಒಯ್ದವರು ಅಮೆರಿಕದ ಕಣಭೌತಶಾಸ್ತ್ರ ಪ್ರಯೋಗಾಲಯ ಫರ್ಮಿಲ್ಯಾಬ್‌ನವರು. ಫರ್ಮಿಲ್ಯಾಬ್‌ನಿಂದ 1,300 ಕಿ.ಮೀ. ದೂರದಲ್ಲಿ, ದಕ್ಷಿಣ ಡಕೋಟದ ಲೀಡ್ ಊರಿನಲ್ಲಿ ಹೋಮ್‌ಸ್ಟೇಕ್ ಎಂಬ ಹಳೆಯ ಚಿನ್ನದ ಗಣಿಯಿದೆ. ಅಲ್ಲಿ ಸುಮಾರು ಒಂದೂವರೆ ಕಿ.ಮೀ. ಆಳದಲ್ಲಿ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಪತ್ತೆಯಂತ್ರಗಳಿಗೆ ಗುಹೆ ತೋಡಿಸಲು 2017ರಲ್ಲಿ ಕೀವಿಟ್ ಮತ್ತು ಆಲ್ಬೆರಿಸಿ ಕಂಪನಿಗಳ ಜಂಟಿ ತಂಡವನ್ನು ಕನ್‌ಸ್ಟ್ರಕ್ಷನ್ ಮ್ಯಾನೇಜರ್ ಆಗಿಯೂ ಜನರಲ್ ಕಾಂಟ್ರಾಕ್ಟರ್ ಆಗಿಯೂ ನೇಮಿಸಿಕೊಂಡರು. ಕಟ್ಟುವವರು ವಿನ್ಯಾಸದ ಹಂತದಲ್ಲೇ ಕುಳಿತು ‘ಇದನ್ನು ಹೀಗೆ ಕಟ್ಟಲಾಗದು, ಇದಕ್ಕೆ ಇಷ್ಟು ಖರ್ಚು’ ಎಂದು ಹೇಳುವುದು, ಆಮೇಲೆ ಕೆಲಸವನ್ನು ಕಂತು ಕಂತಾಗಿ ಬಿಡುಗಡೆ ಮಾಡುವುದು ಈ ಮಾದರಿಯ ತಿರುಳು. ಕ್ರಷರ್, ಕನ್ವೇಯರ್ ಮೊದಲಾದ ಕಲ್ಲು ಸಾಗಿಸುವ ವ್ಯವಸ್ಥೆ ಮೊದಲು ಬಂತು. ಮುಖ್ಯ ಅಗೆತ ಆಮೇಲೆ ಥೈಸೆನ್ ಮೈನಿಂಗ್ ಕಂಪನಿಯ ಪಾಲಿಗೆ ಬಂತು. ಸುಮಾರು 8 ಲಕ್ಷ ಟನ್ ಕಲ್ಲು ತೆಗೆದು 2024ರಲ್ಲಿ ಅಗೆತ ಮುಗಿಯಿತು. ಚಿನ್ನದ ಗಣಿ, ನ್ಯೂಟ್ರಿನೋ ಎಂದೊಡನೆ ನಮಗೆ ಕೋಲಾರ ನೆನಪಾಗುತ್ತದೆ: ವಾಯುಮಂಡಲದ ನ್ಯೂಟ್ರಿನೋಗಳು ಮೊದಲು ಸಿಕ್ಕ ಜಾಗಗಳಲ್ಲಿ ಅದೂ ಒಂದು, 1965ರಲ್ಲಿ.

ನಮ್ಮ ಸಾರ್ವಜನಿಕ ಹಣದ ನಿಯಮಗಳಡಿ ಒಬ್ಬರೇ ಮ್ಯಾನೇಜರ್ ಹಾಗೂ ಕಾಂಟ್ರಾಕ್ಟರ್ ಆಗುವ ಏರ್ಪಾಡು ಸುಲಭವಲ್ಲ. ಕೇಂದ್ರದ ಅನುದಾನವಿರುವ ಸಂಸ್ಥೆಗೆ 2017ರ ಜನರಲ್ ಫೈನಾನ್ಶಿಯಲ್ ರೂಲ್ಸ್, ರಾಜ್ಯದ ಸಂಸ್ಥೆಗೆ 1999ರ ಕರ್ನಾಟಕ ಪಾರದರ್ಶಕತೆ ಕಾಯ್ದೆ. ಹಾಗಾಗಿ ಪಿಎಂಸಿಯನ್ನು ಬೇಗ ತಂದು, ಆ ಲಾಭದ ಬಹುಪಾಲನ್ನು ಬೇರೆ ದಾರಿಯಲ್ಲಿ ಪಡೆಯುವುದೇ ನಮಗೆ ಉಳಿದ ಉಪಾಯ.

ಪಿಎಂಸಿ ಎಂದರೆ ಸಲಹಾ ಸೇವೆ. ಅದಕ್ಕೆ ಗುಣಮಟ್ಟ ಮತ್ತು ವೆಚ್ಚ ಎರಡನ್ನೂ ತೂಗುವ ಕ್ಯೂಸಿಬಿಎಸ್ ಪದ್ಧತಿ ಬಳಸಬಹುದು. ಗುಣಮಟ್ಟದ ತೂಕ ಶೇ. 80ರವರೆಗೆ ಹೋಗಬಹುದು. ನಾವಿಟ್ಟದ್ದು 70:30. ತೂಕದಿಂದ ಏನಾಗುತ್ತದೆ ಎಂಬುದನ್ನು ಲೆಕ್ಕ ಮಾಡಿ ನೋಡಿ. ಒಬ್ಬರಿಗೆ ತಾಂತ್ರಿಕ ಅಂಕ 90, ಶುಲ್ಕ 4 ಕೋಟಿ. ಇನ್ನೊಬ್ಬರಿಗೆ ಅಂಕ 75, ಶುಲ್ಕ 3 ಕೋಟಿ. ಕಡಿಮೆ ಶುಲ್ಕದವರಿಗೆ ವೆಚ್ಚದ ಅಂಕ 100, ಇನ್ನೊಬ್ಬರಿಗೆ 75. 70:30ರಲ್ಲಿ ಮೊದಲನೆಯವರಿಗೆ 85.5, ಎರಡನೆಯವರಿಗೆ 82.5. ಅದೇ 50:50 ಇಟ್ಟಿದ್ದರೆ 82.5ಕ್ಕೆ ಎದುರು 87.5 ಬಂದು ಫಲಿತಾಂಶ ತಲೆಕೆಳಗಾಗುತ್ತಿತ್ತು. ಅಭ್ಯರ್ಥಿಗಳು ಯಾರೆಂದು ತಿಳಿಯುವ ಮೊದಲೇ ಇಂಥ ಕಾಲ್ಪನಿಕ ಲೆಕ್ಕ ಮಾಡಿ ತೂಕ ನಿಗದಿಮಾಡಬೇಕು, ಆಮೇಲೆ ಮುಟ್ಟಬಾರದು.

ತಾಂತ್ರಿಕ ಅಂಕಗಳಲ್ಲಿ ಕಂಪನಿಯ ಹೆಸರಿಗಿಂತ ಸೈಟಿಗೆ ಬರುವ ಜನರಿಗೆ ಹೆಚ್ಚು ಬೆಲೆ ಕೊಟ್ಟೆವು: ಹೆಸರಿಸಿದ ತಂಡಕ್ಕೆ 35, ಹಿಂದಿನ ಕೆಲಸಗಳಿಗೆ 30, ವಿಧಾನಕ್ಕೆ 20, ಸಂದರ್ಶನಕ್ಕೆ 15. ಸಂದರ್ಶನಕ್ಕೆ ಪ್ರೆಸೆಂಟೇಶನ್ ಬೇಡವೆಂದು ಮೊದಲೇ ತಿಳಿಸಿ, ಬೇಕೆಂದೇ ಮೂರು ತಪ್ಪು ಸೇರಿಸಿದ ನಕ್ಷೆ ಕೊಟ್ಟು 45 ನಿಮಿಷ ಬಿಟ್ಟೆವು. ಯಂತ್ರದ ನೆಲಹಾಸನ್ನು ಉಳಿದ ಕಟ್ಟಡದಿಂದ ಬೇರ್ಪಡಿಸುವ ಪ್ರತ್ಯೇಕತಾ ಸಂದನ್ನು ದಾಟುವ ಒಂದು ಕಂಡ್ಯೂಟ್ (ತಂತಿ ಹೋಗುವ ಕೊಳವೆ), ಅದೇ ನೆಲಹಾಸಿನ ಮೇಲೆ ಕೂರಿಸಿದ ಪಂಪ್, ಕೋಣೆಯ ಗೋಡೆಗೆ ಅಂಟಿಕೊಂಡ ಲಿಫ್ಟ್. ಲಿಫ್ಟಿನ ಕಬ್ಬಿಣದ ಪ್ರತಿತೂಕ ಮೇಲೆ ಕೆಳಗೆ ಹೋದಾಗಲೆಲ್ಲ ಸುತ್ತಲಿನ ಕಾಂತಕ್ಷೇತ್ರ ಅಲುಗುತ್ತದೆ. ಇದನ್ನು ತಾವಾಗಿ ಹೇಳಿದ ತಂಡ ಯಾವುದೆಂದು ಬರೆದಿಟ್ಟುಕೊಳ್ಳಬೇಕು.

ಶುಲ್ಕವನ್ನು ಯೋಜನಾ ವೆಚ್ಚದ ಶೇಕಡಾವಾರಿನಲ್ಲಿ ಕೊಡಲೇಬಾರದು. ಖರ್ಚು ಏರಿದಷ್ಟೂ ಪಿಎಂಸಿಯ ಆದಾಯ ಏರುತ್ತದೆ. ಅದನ್ನು ತಡೆಯಬೇಕಾದವರೂ ಅವರೇ. ನಿರ್ಮಾಣಪೂರ್ವ ಹಂತಕ್ಕೆ ನಿಗದಿತ ಮೊತ್ತ, ಸೈಟ್ ಹಂತಕ್ಕೆ ಹೆಸರಿಸಿದ ಜನರ ಹಾಜರಿಗೆ ತಕ್ಕ ತಿಂಗಳ ದರ, ಕೊನೆಯ ಶೇ. 10 ಕಂಪನದ ಅಂತಿಮ ಪರೀಕ್ಷೆ ಮುಗಿದ ಮೇಲೆ. ರೆಸಿಡೆಂಟ್ ಇಂಜಿನಿಯರ್, ಎಂಇಪಿ (ಯಾಂತ್ರಿಕ, ವಿದ್ಯುತ್, ಕೊಳಾಯಿ ಕೆಲಸಗಳ) ಇಂಜಿನಿಯರ್, ಪ್ಲಾನಿಂಗ್ ಇಂಜಿನಿಯರ್, ಬಿಲ್ಲಿಂಗ್ ಇಂಜಿನಿಯರ್, ಸುರಕ್ಷತಾ ಅಧಿಕಾರಿ: ಈ ಐವರಲ್ಲಿ ಯಾರನ್ನಾದರೂ ಬದಲಿಸಿದರೆ ಆ ಸ್ಥಾನದ ದರದಲ್ಲಿ ಕಡಿತ. ಎಂಇಪಿ ಇಂಜಿನಿಯರ್ ಕಟ್ಟಡ ಮೇಲೆದ್ದ ನಂತರ ಬಂದರೆ ಸಾಕು ಎಂಬ ರೂಢಿ ಇಂಥ ಕಟ್ಟಡಕ್ಕೆ ಮಾರಕ. ಅವರು ಮೊದಲ ದಿನದಿಂದಲೇ ಇರಬೇಕು.

ಗುತ್ತಿಗೆದಾರರ ಅರ್ಹತೆಗೆ ಕೇಂದ್ರ ವಿಚಕ್ಷಣಾ ಆಯೋಗದ 2002ರ ಸೂತ್ರವೇ ಬುನಾದಿ: ಹಿಂದಿನ 7 ವರ್ಷಗಳಲ್ಲಿ ಅಂದಾಜು ವೆಚ್ಚದ ಶೇ. 40ರಷ್ಟರ ಮೂರು, ಇಲ್ಲವೇ ಶೇ. 50ರಷ್ಟರ ಎರಡು, ಇಲ್ಲವೇ ಶೇ. 80ರಷ್ಟರ ಒಂದು ಸಮಾನ ಕೆಲಸ. ಹಿಂದಿನ ಮೂರು ವರ್ಷಗಳ ಸರಾಸರಿ ವಹಿವಾಟು ಕನಿಷ್ಠ ಶೇ. 30. ಕಷ್ಟವೆಲ್ಲ ‘ಸಮಾನ ಕೆಲಸ’ ಎಂಬ ಎರಡು ಪದಗಳಲ್ಲಿದೆ. ‘ಯಾವುದೇ ಬಹುಮಹಡಿ ಕಟ್ಟಡ’ ಎಂದು ಬರೆದರೆ ಮಾಲ್ ಕಟ್ಟಿದವರೆಲ್ಲ ಬರುತ್ತಾರೆ. ‘ವಿಸಿ-ಇ ಪ್ರಯೋಗಾಲಯ’ ಎಂದರೆ ಬೆರಳೆಣಿಕೆಯಷ್ಟೂ ಉಳಿಯದೆ, ಯಾರಿಗೋ ಹೊಲಿದ ಟೆಂಡರ್ ಎಂಬ ದೂರು ಬರುತ್ತದೆ. ನಾವು ಕೇಂದ್ರೀಕೃತ ಹವಾನಿಯಂತ್ರಣವೂ ಐಎಸ್‌ಓ 7 ಅಥವಾ ಅದಕ್ಕಿಂತ ಬಿಗಿ ದರ್ಜೆಯ ಕ್ಲೀನ್‌ರೂಂ ಕೂಡ ಇರುವ ಕಟ್ಟಡ ಎಂದು ಬರೆದೆವು. ಔಷಧ ಕಾರ್ಖಾನೆ, ಎಲೆಕ್ಟ್ರಾನಿಕ್ಸ್ ಘಟಕ ಕಟ್ಟಿದವರು ಇದರೊಳಗೆ ಬರುತ್ತಾರೆ. ಧೂಳು, ಒತ್ತಡ, ಗಾಳಿಯ ಹರಿವು ಅವರಿಗೆ ಗೊತ್ತು. ಕಂಪನವನ್ನು ವಿನ್ಯಾಸ ಮತ್ತು ಪಿಎಂಸಿ ನೋಡಿಕೊಳ್ಳಬಹುದು.

ಇನ್ನೊಂದು ಸಂಗತಿ ಬಿಡ್ ಸಾಮರ್ಥ್ಯ. ಗರಿಷ್ಠ ವಾರ್ಷಿಕ ವಹಿವಾಟನ್ನು ಕೆಲಸದ ವರ್ಷಗಳಿಂದಲೂ ಒಂದು ಗುಣಕದಿಂದಲೂ ಗುಣಿಸಿ, ಕೈಯಲ್ಲಿರುವ ಬಾಕಿ ಕೆಲಸಗಳ ಮೊತ್ತ ಕಳೆಯಬೇಕು. ಬಾಕಿ ಕೆಲಸಗಳ ಪಟ್ಟಿಯನ್ನು ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರದ ಮೇಲೆ ಮಾತ್ರ ನಂಬದೆ ಸೈಟುಗಳಿಗೆ ಹೋಗಿ ನೋಡುವುದು ಒಳ್ಳೆಯದು. ಹೋದಾಗ ಮುಗಿದ ಕಟ್ಟಡದ ಹೊರನೋಟ ಬಿಟ್ಟು ಎಎಚ್‌ಯು (ಹವಾನಿಯಂತ್ರಣದ ಗಾಳಿ ಯಂತ್ರ) ಕೋಣೆಗೆ, ಪೈಪು ಕೇಬಲ್ ಹಾಯುವ ಶಾಫ್ಟ್‌ನೊಳಕ್ಕೆ ಇಣುಕಬೇಕು. ಯಾರೂ ನೋಡದ ಜಾಗದಲ್ಲಿ ಪೈಪಿನ ಆಧಾರ, ಕೇಬಲ್ ಟ್ರೇ ಹೇಗಿದೆಯೋ ನಿಮ್ಮ ಕಟ್ಟಡವೂ ಹಾಗೇ ಇರುತ್ತದೆ.

ಸಿವಿಲ್, ಹವಾನಿಯಂತ್ರಣ, ವಿದ್ಯುತ್, ಕ್ಲೀನ್‌ರೂಂಗಳಿಗೆ ಬೇರೆಬೇರೆ ಟೆಂಡರ್ ಕರೆಯುವ ಆಸೆ ಎಲ್ಲರಿಗೂ ಬರುತ್ತದೆ, ಕಾಗದದ ಮೇಲೆ ಅಗ್ಗ ಕಾಣುತ್ತದೆ. ಆದರೆ ಡಕ್ಟ್‌ಗೆ ಬೀಮಿನಲ್ಲಿ ಬಿಡಬೇಕಾದ ತೂತು ಯಾರ ಕೆಲಸ, ತೂತಿನ ಸುತ್ತ ಬೆಂಕಿ ತಡೆಯುವ ಸೀಲ್ ಯಾರದು ಎಂಬ ಜಗಳದಲ್ಲೇ ತಿಂಗಳುಗಳು ಹೋಗುತ್ತವೆ. ನಾವು ಒಂದೇ ಕಾಂಪೊಸಿಟ್ ಟೆಂಡರ್ ಕರೆದು, ವಿಶೇಷ ಕೆಲಸಗಳಿಗೆ ಅರ್ಹತೆ ಇರುವ ಸಹಸಂಸ್ಥೆಗಳನ್ನು ಒಪ್ಪಂದಪತ್ರದೊಂದಿಗೆ ಬಿಡ್‌ನಲ್ಲೇ ಹೆಸರಿಸಲು ಹೇಳಿದೆವು. ಜೊತೆಗೆ ಇಂಟರ್‌ಫೇಸ್ ಕೋಷ್ಟಕ: ಒಂದೊಂದು ಸಂಧಿಗೂ ಒದಗಿಸುವವರು, ಕೂರಿಸುವವರು, ಪರೀಕ್ಷಿಸುವವರು ಯಾರೆಂದು ಮೂರು ಕಾಲಂ. ಕರಾರಿನಲ್ಲಿ ಅತಿ ಹೆಚ್ಚು ಬಾರಿ ತೆರೆದು ನೋಡಿದ ಪುಟ ಅದೇ.

2021ರ ಅಕ್ಟೋಬರ್‌ನಲ್ಲಿ ಕೇಂದ್ರ ವೆಚ್ಚ ಇಲಾಖೆ ಹೊರಡಿಸಿದ ಸೂಚನೆಗಳ ಪ್ರಕಾರ, ಗುಣಮಟ್ಟವೇ ಪ್ರಧಾನ ಎಂದು ಸಕ್ಷಮ ಪ್ರಾಧಿಕಾರ ಘೋಷಿಸಿದರೆ ಕಾಮಗಾರಿಗಳಿಗೂ ಕ್ಯೂಸಿಬಿಎಸ್ ಬಳಸಬಹುದು. ಆದರೆ ಗುಣಮಟ್ಟದ ತೂಕ ಶೇ. 30 ಮೀರುವಂತಿಲ್ಲ. ಆ ಘೋಷಣೆಯ ಟಿಪ್ಪಣಿಯನ್ನು ಟೆಂಡರ್‌ಗೆ ಬಹಳ ಮೊದಲೇ ಕಳಿಸಬೇಕು.

ದರಗಳ ಲಕೋಟೆ ತೆರೆದ ದಿನ ಒಟ್ಟು ಮೊತ್ತ ನೋಡಿ ಸಂತೋಷಪಡುವುದಕ್ಕಿಂತ ಬಿಓಕ್ಯೂ (ಕೆಲಸಗಳ ಪ್ರಮಾಣ ಮತ್ತು ದರಗಳ ಪಟ್ಟಿ) ಸಾಲುಸಾಲಾಗಿ ಓದಬೇಕು. ಬಿಡ್ ಹಾಕುವವರು ನಮ್ಮ ಪ್ರಮಾಣಗಳಲ್ಲಿನ ತಪ್ಪನ್ನು ಹುಡುಕಿ ಅದರ ಮೇಲೆ ದರ ಕೂರಿಸುತ್ತಾರೆ. ಬಂಡೆ ಅಗೆತ 500 ಘನ ಮೀಟರ್ ಎಂದು ಬರೆದು, ನಿಜಕ್ಕೂ 2,000 ಬರುವುದೆಂದು ಅವರಿಗೆ ಗೊತ್ತಾದರೆ, ಆ ಸಾಲಿಗೆ ಮಾರುಕಟ್ಟೆಗಿಂತ ಮೂರು ಪಟ್ಟು ದರ, ಕಡಿಮೆಯಾಗಲಿರುವ ಸಾಲಿಗೆ ಪುಡಿಗಾಸು. ಬೆಂಗಳೂರಿನ ಸುತ್ತ ಮೂರು ಮೀಟರ್ ಮಣ್ಣಿನ ಕೆಳಗೆ ಗಟ್ಟಿ ಗ್ರಾನೈಟ್ ಸಿಕ್ಕುವುದು, ಹತ್ತು ಹೆಜ್ಜೆ ಆಚೆ ಸಿಗದಿರುವುದು ಸಾಮಾನ್ಯ. ಬೋರ್‌ಹೋಲ್‌ಗಳಲ್ಲಿ ಉಳಿಸಿದ ಹಣ ಇಲ್ಲಿ ಹಲವು ಪಟ್ಟಾಗಿ ಹೋಗುತ್ತದೆ. ಆರಂಭದ ಕೆಲಸಗಳಿಗೆ ಹೆಚ್ಚು, ಕೊನೆಯ ಕೆಲಸಗಳಿಗೆ ಕಡಿಮೆ ದರ ಹಾಕುವುದು ಇನ್ನೊಂದು ರೋಗ. ಕೊನೆಗೆ ಬರುವುದು ಟೆಸ್ಟಿಂಗ್ ಮತ್ತು ಬ್ಯಾಲೆನ್ಸಿಂಗ್ (ಗಾಳಿ, ನೀರಿನ ಹರಿವನ್ನು ಪರೀಕ್ಷಿಸಿ ಸರಿದೂಗಿಸುವುದು), ನಮಗೆ ಅತಿ ಮುಖ್ಯವಾದದ್ದೂ ಅದೇ. ಹಣವೆಲ್ಲ ಪಡೆದಾದ ಮೇಲೆ ಅದಕ್ಕೆ ಯಾರೂ ಬರುವುದಿಲ್ಲ. ಹಾಗಾಗಿ ಟೆಸ್ಟಿಂಗ್‌ಗೆ ಗುತ್ತಿಗೆ ಮೊತ್ತದ ಇಂತಿಷ್ಟು ಪಾಲು ಎಂದು ನಾವೇ ನಿಗದಿಮಾಡಿ, ಅದಕ್ಕೆ ದರ ಬರೆಯುವ ಅವಕಾಶವನ್ನೇ ಕೊಡಲಿಲ್ಲ.

ಬ್ಯಾಂಕ್ ಗ್ಯಾರಂಟಿ ಬಂದಾಗ ಕಾಗದ ನೋಡಿ ಕಪಾಟಿಗೆ ಹಾಕಬಾರದು. ಕೊಟ್ಟ ಬ್ಯಾಂಕಿನಿಂದ ನಮ್ಮ ಬ್ಯಾಂಕಿಗೆ ಎಸ್‌ಎಫ್‌ಎಂಎಸ್ (ಬ್ಯಾಂಕುಗಳ ನಡುವಿನ ಸುರಕ್ಷಿತ ಸಂದೇಶ ಜಾಲ) ಸಂದೇಶ ಬಂದ ಮೇಲೆಯೇ ಅದನ್ನು ನಂಬಬೇಕು. ಹಾಗೆಯೇ ನಮ್ಮ ಕಡೆಯ ಕರ್ತವ್ಯವೂ ಇದೆ. ಅದೇ 2021ರ ಸೂಚನೆಗಳು ರನ್ನಿಂಗ್ ಬಿಲ್ಲಿನ (ಕೆಲಸ ನಡೆಯುತ್ತಿರುವಾಗಲೇ ಕೊಡುವ ಬಿಲ್ಲು) ಅರ್ಹ ಮೊತ್ತದ ಶೇ. 75ನ್ನು 10 ಕೆಲಸದ ದಿನಗಳಲ್ಲಿ ಕೊಡಬೇಕೆನ್ನುತ್ತವೆ. ಹಣ ತಡವಾದರೆ ಒಳ್ಳೆಯ ಸಬ್‌ಕಾಂಟ್ರಾಕ್ಟರ್‌ಗಳು ಮೊದಲು ಸೈಟ್ ಬಿಡುತ್ತಾರೆ, ಉಳಿಯುವವರು ಬೇರೆಲ್ಲೂ ಕೆಲಸ ಸಿಗದವರು.

ಕರಾರಿನ ತಾಂತ್ರಿಕ ಷರತ್ತುಗಳಲ್ಲಿ ಹೆಚ್ಚು ಹೊತ್ತು ಕಳೆದದ್ದು ಯಂತ್ರದ ನೆಲಹಾಸಿನ ಮೇಲೆ. ಒಂದು ಮೀಟರ್ ದಪ್ಪದ ಕಾಂಕ್ರೀಟ್, ಸುತ್ತ 50 ಮಿ.ಮೀ. ಸಂದು, ಒಂದೇ ಸಲದ ಪೋರ್. ಒಳಗಿನ ತಾಪ 70 ಡಿಗ್ರಿ ಮೀರಬಾರದು, ಒಳಗೂ ಮೇಲ್ಮೈಗೂ 20 ಡಿಗ್ರಿಗಿಂತ ಹೆಚ್ಚು ಅಂತರ ಬರಬಾರದು. ಅದಕ್ಕೆ ಮೂರು ಆಳಗಳಲ್ಲಿ ತಾಪ ಅಳೆಯುವ ಥರ್ಮೋಕಪಲ್, ಸಿಮೆಂಟಿನ ಒಂದು ಪಾಲಿಗೆ ಹಾರುಬೂದಿ ಅಥವಾ ಸ್ಲ್ಯಾಗ್, ಬೇಸಿಗೆಯಾದರೆ ನೀರಿನ ಬದಲು ಐಸ್. ಇದನ್ನೆಲ್ಲ ಬಹುತೇಕ ಗುತ್ತಿಗೆದಾರರು ಚೆನ್ನಾಗಿಯೇ ಮಾಡುತ್ತಾರೆ. ಕೆಡುವುದು ಸಂದಿನಲ್ಲಿ. ಪಕ್ಕದ ನೆಲಹಾಸು ಹಾಕುವಾಗ ಕಾಂಕ್ರೀಟಿನ ಹಾಲು ಒಳಗಿಳಿದು ಗಟ್ಟಿಯಾಗುತ್ತದೆ, ಟೈಲ್ಸ್‌ನವರು ಅಂದಕ್ಕೆಂದು ಗ್ರೌಟ್ ತುಂಬುತ್ತಾರೆ, ಎಲೆಕ್ಟ್ರಿಷಿಯನ್ ಒಂದು ಪೈಪ್ ದಾಟಿಸುತ್ತಾನೆ. ಅಂಗೈಯಗಲದ ಒಂದು ಸೇತುವೆ ಸಾಕು, ಪ್ರತ್ಯೇಕತೆ ಹೋದಂತೆ. ಆದ್ದರಿಂದ ಮೊದಲು 3 ಮೀಟರ್ ಚೌಕದ ಮಾದರಿ ಸಂದು ಮಾಡಿಸಬೇಕು. ಆಮೇಲೆ ಪ್ರತಿ ಹಂತದಲ್ಲೂ ಪಿಎಂಸಿ ಸಂದಿನುದ್ದಕ್ಕೂ ತೆಳು ಪಟ್ಟಿ ಇಳಿಸಿ ತಳದವರೆಗೆ ಹೋಗುವುದನ್ನು ನೋಡಿ ಸಹಿ ಮಾಡಬೇಕು. ಆ ಸಹಿ ಇಲ್ಲದೆ ಮುಂದಿನ ಕೆಲಸವಿಲ್ಲ.

ಕಾಂತಕ್ಷೇತ್ರದ ವಿಚಾರದಲ್ಲಿ ಷರತ್ತು ಚಿಕ್ಕದು: ಆ ಕೋಣೆಗಳ ಬಳಿ ಹೋಗುವ ಸಿಂಗಲ್-ಕೋರ್ ಕೇಬಲ್‌ಗಳನ್ನು ಸಾಲಾಗಿ ಹಾಸದೆ ಮೂರನ್ನೂ ತ್ರಿಕೋನವಾಗಿ ಕಟ್ಟಬೇಕು, ನ್ಯೂಟ್ರಲ್ ಒಂದೇ ಕಡೆ ಅರ್ತ್‌ಗೆ ಸೇರಬೇಕು.

ಕಂಪನವನ್ನು ನಾಲ್ಕು ಸಲ ಅಳೆಯುವುದೆಂದು ಬರೆದೆವು: ಖಾಲಿ ನೆಲ, ನೆಲಹಾಸು ಮುಗಿದಾಗ, ಯಂತ್ರಸೇವೆಗಳು ಓಡುವಾಗ, ಹಸ್ತಾಂತರದ ಮುನ್ನ ಎಲ್ಲವೂ ಪೂರ್ಣ ಹೊರೆಯಲ್ಲಿದ್ದಾಗ. ಅಳೆಯುವವರನ್ನು ನೇಮಿಸುವುದು ಸಂಸ್ಥೆ, ಗುತ್ತಿಗೆದಾರರಲ್ಲ. ಮೂರನೆಯ ಅಳತೆಯಲ್ಲಿ 25 ಹರ್ಟ್ಜ್ ಹತ್ತಿರ ಮೊನಚು ಎದ್ದರೆ ಪಂಪುಗಳ ಕಡೆ ನೋಡಬೇಕು. ನಮ್ಮ 50 ಹರ್ಟ್ಜ್ ವಿದ್ಯುತ್ತಿನಲ್ಲಿ ನಾಲ್ಕು ಪೋಲ್ ಮೋಟರ್ ನಿಮಿಷಕ್ಕೆ ಸುಮಾರು 1,480 ಸುತ್ತು ತಿರುಗುತ್ತದೆ, ಅದು 24.7 ಹರ್ಟ್ಜ್. ಆರು ಪೋಲ್‌ನದಾದರೆ 16ರ ಆಸುಪಾಸು. ರಾತ್ರಿ ಒಂದೊಂದೇ ಪಂಪ್ ನಿಲ್ಲಿಸುತ್ತ ಹೋದರೆ ಯಾವುದು ನಿಂತಾಗ ಮೊನಚು ಮಾಯವಾಗುತ್ತದೋ ಅದರ ಸ್ಪ್ರಿಂಗ್, ಅದರ ಪೈಪಿನ ಬಳುಕುವ ಜೋಡಣೆ, ಗೋಡೆ ದಾಟುವಲ್ಲಿನ ತೋಳು ಈ ಮೂರನ್ನು ಪರೀಕ್ಷಿಸಬೇಕು. ಹೆಚ್ಚಿನ ಸಲ ಗೋಡೆಯ ತೋಳಿನಲ್ಲಿ ಗಾರೆ ತುಂಬಿರುತ್ತದೆ. ಅದನ್ನು ಕೆತ್ತಿ ತೆಗೆಸಿ ಮತ್ತೆ ಅಳೆದು, ಪ್ರತಿಯೊಂದು ಪಟ್ಟಿಯೂ 3.12ರೊಳಗೆ ಬಂದ ವರದಿ ಕೈಸೇರಿದ ಮೇಲೆಯೇ ತಡೆಹಿಡಿದ ಮೊತ್ತದ ಮೊದಲ ಅರ್ಧವನ್ನು ಬಿಡುಗಡೆ ಮಾಡಿದೆವು. ಉಳಿದರ್ಧಕ್ಕೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಬೇಕೆಂದು ಕರಾರಿನಲ್ಲೇ ಬರೆದಿತ್ತು.