ಇಂಟರ್‌ವ್ಯೂಗೆ ಮುಂಚೆ ಫೋನ್‌ನಲ್ಲೇ ಮಾಡಬಹುದಾದ ತಯಾರಿ

ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ, ಅದರಲ್ಲೂ ಕನ್ನಡ ಮೀಡಿಯಂನಿಂದ ಬಂದವರಿಗೆ ಒಂದು ಮಾತು. ಸಾವಿರಾರು ರೂಪಾಯಿ ಕೋರ್ಸ್‌ಗೆ ಕಟ್ಟುವ ಮೊದಲು ಕೈಯಲ್ಲಿರುವ ಫೋನ್ ಬಳಸಿ. 'ನಿಮ್ಮ ಬಗ್ಗೆ ಹೇಳಿ' ಅನ್ನುವ ಪ್ರಶ್ನೆಗೆ ಇಂಗ್ಲಿಷ್‌ನಲ್ಲಿ ಒಂದು ನಿಮಿಷ ಮಾತಾಡಿ ವಿಡಿಯೊ ಮಾಡಿಕೊಳ್ಳಿ. ನೋಡೋಕೆ ಮುಜುಗರ ಆಗುತ್ತೆ, ನನ್ನ ತಂಗಿ ಮೊದಲ ಸಲ ಹತ್ತು ಸೆಕೆಂಡಿಗೇ ನಿಲ್ಲಿಸಿಬಿಟ್ಟಿದ್ದಳು, ಆದರೆ ಎಲ್ಲಿ ತಡವರಿಸುತ್ತೇವೆ, ಎಷ್ಟು ಸಲ 'ಆಕ್ಚುಲಿ' ಅಂತೀವಿ, ಕಣ್ಣು ಎತ್ತ ಹೋಗುತ್ತೆ ಅಂತ ಬೇರೆ ಯಾರೂ ಇಷ್ಟು ಚೆನ್ನಾಗಿ ತೋರಿಸಲ್ಲ. ದಿನಕ್ಕೊಂದು, ಹದಿನೈದು ದಿನ ಮಾಡಿ. ಹಳೆಯದನ್ನು ಅಳಿಸಬೇಡಿ. ಮೊದಲನೆಯದು, ಕೊನೆಯದು ಎರಡನ್ನೂ ಒಟ್ಟಿಗೆ ನೋಡಿ.

ಆಮೇಲೆ ಎಕ್ಸೆಲ್. ಬಿ.ಕಾಂ. ಮಾಡಿದವರೂ ಇಲ್ಲಿ ಎಡವುತ್ತಾರೆ. ಎಕ್ಸೆಲ್ ತರಹವೇ ಇರುವ ಗೂಗಲ್ ಶೀಟ್ಸ್ ಉಚಿತ ಅಲ್ವಾ, ಸುಮ್ನೆ ವಿಡಿಯೊ ನೋಡುತ್ತಾ ಕೂರುವ ಬದಲು ಮನೆಯ ಒಂದು ತಿಂಗಳ ಹಾಲು, ದಿನಸಿ, ಕರೆಂಟ್ ಬಿಲ್ ಅದರಲ್ಲಿ ಹಾಕಿ ಸಮ್ (ಕೂಡುವುದು), ಇಫ್ (ಷರತ್ತು ಹಾಕುವುದು), ವಿ-ಲುಕ್‌ಅಪ್ (ಪಟ್ಟಿಯಿಂದ ಬೇಕಾದ್ದನ್ನು ಹುಡುಕುವುದು) ಎಂಬ ಸೂತ್ರಗಳನ್ನು ಕಲಿಯಿರಿ. ಉದ್ದದ ಪಟ್ಟಿಯನ್ನು ಗುಂಪು ಮಾಡಿ ಸಾರಾಂಶ ತೋರಿಸುವ ಪಿವಟ್ ಟೇಬಲ್ ಕಲಿಯಲು ಮಾತ್ರ ಯಾರದಾದರೂ ಲ್ಯಾಪ್‌ಟಾಪ್ ಕೇಳಿ ಪಡೆಯಿರಿ.

ಸರ್ಟಿಫಿಕೇಟ್ ಬೇಕಿದ್ದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣ 'ಸ್ವಯಂ' ಇದೆ. ಪಾಠ ಉಚಿತ, ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟಬೇಕು. ಇನ್ಫೋಸಿಸ್ ಕಂಪನಿಯ ಕಲಿಕಾ ತಾಣ ಸ್ಪ್ರಿಂಗ್‌ಬೋರ್ಡ್ ಕೂಡ ಉಚಿತ. ಒಂದನ್ನೇ ಹಿಡಿದು ಮುಗಿಸಿ, ಹತ್ತು ಕಡೆ ಹೆಸರು ನೋಂದಾಯಿಸಬೇಡಿ.