ಅಡಿಕೆ ಮಂಡಿಯ ನಾಲ್ಕು ಕಚೇರಿಗಳನ್ನು ವಿಪಿಎನ್‌ನಲ್ಲಿ ಜೋಡಿಸುವ ಬಗೆ

ಶಿವಮೊಗ್ಗದಲ್ಲಿ ಮುಖ್ಯ ಕಚೇರಿ; ಸಾಗರ, ಶಿರಸಿ, ಚನ್ನಗಿರಿಗಳಲ್ಲಿ ಶಾಖೆಗಳು. ಸಂಜೆಯಾಗುತ್ತಲೇ ಮೂರೂ ಕಡೆಯ ಖರೀದಿ ಲೆಕ್ಕ ಶಿವಮೊಗ್ಗದ ಟ್ಯಾಲಿಗೆ (ಲೆಕ್ಕಪತ್ರದ ತಂತ್ರಾಂಶಕ್ಕೆ) ಸೇರಬೇಕು. ಊರೂರಿನ ಕಚೇರಿ ಜಾಲಗಳನ್ನು ಇಂಟರ್‌ನೆಟ್ ಮೇಲೆಯೇ ಗುಟ್ಟಿನ ಸುರಂಗದಿಂದ ಜೋಡಿಸುವುದೇ ವಿಪಿಎನ್. ನನ್ನ ಬಳಿ ಬರುವ ಕೆಲಸಗಳಲ್ಲಿ ಹೆಚ್ಚಿನವು ಈ ಜಾತಿಯವೇ ಆದ್ದರಿಂದ ಇದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ನಾನು ಹಾಕುವುದು ವೈರ್‌ಗಾರ್ಡ್ ಎಂಬ ಬಗೆಯ ವಿಪಿಎನ್. 2020ರಲ್ಲಿ ಲಿನಕ್ಸ್ ಕರ್ನಲ್ 5.6ರೊಳಗೆ ಸೇರಿಕೊಂಡಿತು, ಮೈಕ್ರೋಟಿಕ್ ರೌಟರ್‌ಗಳ 7ನೇ ಆವೃತ್ತಿಯಲ್ಲೂ ಇದೆ. ಇನ್ನೊಂದು ಬಗೆಯಾದ ಐಪಿಸೆಕ್ ಕೆಟ್ಟದ್ದೇನಲ್ಲ, ಆದರೆ ಎರಡು ಬೇರೆ ಕಂಪನಿಗಳ ರೌಟರ್‌ಗಳ ನಡುವೆ ರಾಜಿ ಮಾಡಿಸುವ ತಾಳ್ಮೆ ನನಗಿಲ್ಲ. ಹಳೆಯ ಬಗೆಯಾದ ಪಿಪಿಟಿಪಿಯನ್ನು ಮಾತ್ರ ಯಾರು ಹೇಳಿದರೂ ಹಾಕಬೇಡಿ. ಅದರ ಭದ್ರತೆ ಕುಸಿದು ವರ್ಷಗಳೇ ಕಳೆದಿವೆ.

ರೌಟರ್ ಮುಟ್ಟುವ ಮೊದಲು ವಿಳಾಸಗಳನ್ನು ಕಾಗದದ ಮೇಲೆ ಹಂಚಿ. ಅಂಗಡಿಯಿಂದ ತಂದ ರೌಟರ್‌ಗಳು ಬಹುಪಾಲು 192.168.1.0 ಅಥವಾ 192.168.0.0 ಜಾಲವನ್ನೇ ಹೊತ್ತು ಬರುತ್ತವೆ. ಎರಡು ಊರುಗಳಲ್ಲಿ ಒಂದೇ ಜಾಲವಿದ್ದರೆ ಸಾಗರದ ಕಂಪ್ಯೂಟರ್ ಶಿವಮೊಗ್ಗದ ಸರ್ವರನ್ನು ತನ್ನ ಕೋಣೆಯಲ್ಲೇ ಹುಡುಕುತ್ತದೆ; ಪ್ಯಾಕೆಟ್ ಹೊಸ್ತಿಲು ದಾಟುವುದಿಲ್ಲ. ಶಿವಮೊಗ್ಗಕ್ಕೆ 10.20.1.0/24, ಸಾಗರಕ್ಕೆ 10.20.2.0/24 ಎಂದು ಕ್ರಮವಾಗಿ ಕೊಡಿ (/24 ಎಂದರೆ ಮೊದಲ ಮೂರು ಸಂಖ್ಯೆಗಳು ಜಾಲದವು, ಕೊನೆಯದು ಯಂತ್ರದ್ದು). ಸುರಂಗಕ್ಕೆ ಬೇರೆಯೇ 10.99.0.0/24 ಇರಲಿ. ಬಿಲ್ ಪ್ರಿಂಟರ್, ಕ್ಯಾಮೆರಾಗಳ ವಿಳಾಸವನ್ನೂ ಬದಲಿಸಬೇಕಾಗುತ್ತದೆ. ಅರ್ಧ ದಿನ ಅದಕ್ಕೇ ಹೋದರೂ ಗೊಣಗಬೇಡಿ.

ಸ್ಥಿರವಾದ ಸಾರ್ವಜನಿಕ ಐಪಿ ಮುಖ್ಯ ಕಚೇರಿಗೊಂದಕ್ಕೇ ಸಾಕು. ಶಾಖೆಯ ರೌಟರ್‌ನ ಹೊರವಿಳಾಸ 100.64ರಿಂದ 100.127ರವರೆಗಿನ ಯಾವುದರಿಂದಲಾದರೂ ಶುರುವಾಗುತ್ತಿದ್ದರೆ ಇಂಟರ್‌ನೆಟ್ ಕಂಪನಿ ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಹಲವು ಗಿರಾಕಿಗಳನ್ನು ಕೂರಿಸಿದೆ ಎಂದರ್ಥ. ಚಿಂತೆಯಿಲ್ಲ, ಕರೆ ಮಾಡುವುದು ಶಾಖೆಯ ಕಡೆಯಿಂದ. ಅಲ್ಲಿ ಕೀಪ್‌ಅಲೈವ್ (ಸಂಪರ್ಕ ಜೀವಂತವಿಡುವ ಪುಟ್ಟ ಸಂದೇಶ) 25 ಸೆಕೆಂಡಿಗೊಮ್ಮೆ ಇಡಿ, ದಾರಿ ತೆರೆದೇ ಇರುತ್ತದೆ. ಶಿವಮೊಗ್ಗದಲ್ಲಿ ಯುಡಿಪಿ 51820 ಬಾಗಿಲು (ಪೋರ್ಟ್, ಶಾಖೆಗಳ ಕರೆ ಒಳಬರುವ ದಾರಿ) ತೆರೆಯಿರಿ.

ಪ್ರತಿ ರೌಟರ್ ತನ್ನ ಕೀಲಿಗಳ ಜೋಡಿಯನ್ನು ತಾನೇ ಹುಟ್ಟಿಸಲಿ. ಖಾಸಗಿ ಕೀಲಿ ಆ ಪೆಟ್ಟಿಗೆ ಬಿಟ್ಟು ಹೊರಬರಬಾರದು. ಎದುರು ಬದಿಗೆ ಕೊಡಬೇಕಾದ ಸಾರ್ವಜನಿಕ ಕೀಲಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿದರೂ ಗುಟ್ಟು ರಟ್ಟಾಗುವುದಿಲ್ಲ. ಶಾಖೆಯ ಅನುಮತಿ ಪಟ್ಟಿಯಲ್ಲಿ (ಸುರಂಗದೊಳಗೆ ಹೋಗಬಹುದಾದ ವಿಳಾಸಗಳ ಪಟ್ಟಿ) 10.20.1.0/24 ಮತ್ತು ಶಿವಮೊಗ್ಗದ ಸುರಂಗ ವಿಳಾಸ ಬರೆಯಿರಿ. 0.0.0.0/0 (ಅಂದರೆ ಎಲ್ಲ ವಿಳಾಸಗಳು) ಎಂದು ಬರೆದು, ಅದರಂತೆಯೇ ದಾರಿಯನ್ನೂ ಹಾಕಿದರೆ ಶಿರಸಿಯವರು ನೋಡುವ ಯೂಟ್ಯೂಬ್ ಕೂಡ ಶಿವಮೊಗ್ಗ ಸುತ್ತಿಕೊಂಡು ಹೋಗುತ್ತದೆ. ಮೈಕ್ರೋಟಿಕ್‌ನಲ್ಲಿ ರೂಟ್‌ಗಳನ್ನು ಕೈಯಾರೆ ಸೇರಿಸಬೇಕು, ಅದು ತಾನಾಗಿ ಸೇರಿಸುವುದಿಲ್ಲ.

ಪಿಂಗ್ (ತಲುಪಿತೇ ಎಂದು ಕೇಳುವ ಪುಟ್ಟ ಸಂದೇಶ) ಹೋಗುತ್ತದೆ, ಆದರೆ ರಿಮೋಟ್ ಡೆಸ್ಕ್‌ಟಾಪ್ (ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸುವ ಪರದೆ) ಅರ್ಧಕ್ಕೇ ನಿಲ್ಲುತ್ತದೆ ಎಂದರೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) ನೋಡಿ. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ. ಹೆಸರು, ಗುಪ್ತಪದ ಕೊಟ್ಟು ಜೋಡಿಸುವ ಪಿಪಿಪಿಓಇ ಫೈಬರ್ 8 ಬೈಟ್ ನುಂಗುವುದರಿಂದ ನಾನು ಎರಡೂ ಬದಿಯಲ್ಲಿ 1412 ಹಾಕುತ್ತೇನೆ.

ನಮ್ಮ ಕಡೆ ಇನ್ನೊಂದು ಕಾಟವಿದೆ, ಮಳೆಗಾಲದಲ್ಲಿ ಹೋಗಿ ಬರುವ ಕರೆಂಟು. ವೈರ್‌ಗಾರ್ಡ್ ಪ್ರತಿ ಹ್ಯಾಂಡ್‌ಶೇಕ್ (ಎರಡು ರೌಟರ್ ಪರಸ್ಪರ ಗುರುತು ಹಿಡಿಯುವ ಮಾತುಕತೆ) ಮೇಲೂ ಸಮಯ ಒತ್ತುತ್ತದೆ. ಹಿಂದೆ ಬಂದದ್ದಕ್ಕಿಂತ ಹಳೆಯ ಸಮಯ ಕಂಡರೆ ಎದುರು ಬದಿ ಅದನ್ನು ಬಿಸಾಡುತ್ತದೆ, ಅದೂ ತುಟಿಪಿಟಕ್ಕೆನ್ನದೆ. ಸಣ್ಣ ರೌಟರ್‌ಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದು ಅಪರೂಪ; ಕರೆಂಟು ಮರಳಿದಾಗ ಅವು ಹಳೆಯ ತಾರೀಕಿನಲ್ಲಿ ಏಳಬಹುದು. ಸಮಯದ ಸರ್ವರ್ ಶಿವಮೊಗ್ಗದಲ್ಲೇ ಇದ್ದರೆ ಮುಗಿಯಿತು, ಸರಿಯಾದ ಸಮಯವಿಲ್ಲದೆ ಸುರಂಗವಿಲ್ಲ, ಸುರಂಗವಿಲ್ಲದೆ ಸಮಯವಿಲ್ಲ: ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಶಾಖೆಯ ರೌಟರ್ ಸಮಯವನ್ನು ಸುರಂಗದ ಹೊರಗಿನಿಂದ, ನೇರ ಇಂಟರ್‌ನೆಟ್‌ನಿಂದ ಪಡೆಯಲಿ. ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ (ಸಮಯ ಹೇಳುವ) ಸರ್ವರ್ ಇದೆ. ಅದನ್ನು ಹೆಸರಿನಿಂದ ಕರೆಯುವುದಾದರೆ ರೌಟರ್‌ನ ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ಕೂಡ ಸುರಂಗದಾಚೆ ಇರಕೂಡದು.

ಟ್ಯಾಲಿಯ ಡೇಟಾ ಫೋಲ್ಡರನ್ನು ಸುರಂಗದ ಮೂಲಕ ನೇರವಾಗಿ ತೆರೆಯಬೇಡಿ. ಫೈಲ್ ಹಂಚಿಕೆ ಪ್ರತಿ ಸಣ್ಣ ಕೆಲಸಕ್ಕೂ ಊರಿಂದೂರಿಗೆ ಓಡಾಡುತ್ತದೆ, ನಡುವೆ ಸಂಪರ್ಕ ಕಡಿದರೆ ಡೇಟಾ ಕೆಡಬಹುದು. ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಹೋಗಿ ಅಲ್ಲೇ ಟ್ಯಾಲಿ ತೆರೆಯಲಿ. ಸಾಮಾನ್ಯ ವಿಂಡೋಸ್‌ನಲ್ಲಿ ಒಮ್ಮೆಗೆ ಒಬ್ಬರೇ ಕೂರಬಹುದು. ಮೂವರು ಬೇಕಿದ್ದರೆ ವಿಂಡೋಸ್ ಸರ್ವರ್ ಮತ್ತು ಅದರ ಪರವಾನಗಿಗಳ ಖರ್ಚನ್ನು ಯಜಮಾನರಿಗೆ ಮೊದಲೇ ಹೇಳಿಬಿಡಿ. ಫೈರ್‌ವಾಲ್‌ನಲ್ಲಿ ಶಾಖೆಗಳಿಂದ ಸರ್ವರ್‌ನ 3389ಕ್ಕೆ (ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲು) ಮಾತ್ರ ದಾರಿ ಬಿಡಿ. ಇಂಟರ್‌ನೆಟ್ ಕಡೆಯಿಂದ ಆ ಬಾಗಿಲು ಎಂದಿಗೂ ತೆರೆಯಬಾರದು. ಸಾಗರದ ಕ್ಯಾಮೆರಾ ಪೆಟ್ಟಿಗೆಗೆ ಟ್ಯಾಲಿಯ ಹತ್ತಿರ ಏನು ಕೆಲಸ?

ಕೊನೆಗೆ ಪ್ರತಿ ಶಾಖೆಯಲ್ಲೂ ರೌಟರ್‌ನ ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು ಹಾಕಿ. ಕೈಯಿಡದೆ ಸುರಂಗ ತಾನೇ ಮೇಲೇಳಬೇಕು. ಆಮೇಲೆ ಕೊನೆಯ ಹ್ಯಾಂಡ್‌ಶೇಕ್ ಸುಮಾರು ಎರಡು ನಿಮಿಷಕ್ಕಿಂತ ಹಳೆಯದಾಗಬಾರದು. ಯಾವ ಕೀಲಿ ಯಾವ ಊರಿನದೆಂಬ ಪಟ್ಟಿಯನ್ನು ಮುಖ್ಯ ಕಚೇರಿಯಲ್ಲಿಡಿ. ಶಾಖೆ ಮುಚ್ಚಿದ ದಿನ, ಇಲ್ಲವೇ ರೌಟರ್ ಕಳುವಾದ ದಿನ, ಶಿವಮೊಗ್ಗದ ರೌಟರ್‌ನಲ್ಲಿ ಆ ಊರಿನ ಕೀಲಿಯ ಒಂದು ಸಾಲು ಅಳಿಸಿದರೆ ಸಾಕು.